ಜಗಳ ಅಂಗಡಿಯದು, ಪ್ರಶ್ನೆ ಚೀಟಿಯದು

ಸರ್ಕಾರಿ ಆಸ್ಪತ್ರೆಗಳ ಆವರಣದಲ್ಲಿರುವ ಜನೌಷಧಿ ಕೇಂದ್ರಗಳನ್ನು ಮುಚ್ಚಿಸಲು 2025ರ ಮೇ ತಿಂಗಳಲ್ಲಿ ರಾಜ್ಯ ಸರ್ಕಾರ ಹೊರಟಾಗ ಎದ್ದ ಗದ್ದಲ ಹೈಕೋರ್ಟ್ ಮೆಟ್ಟಿಲನ್ನೂ ಹತ್ತಿತು. ಔಷಧಿಯನ್ನು ನಾವೇ ಪುಕ್ಕಟೆ ಕೊಡುವಾಗ ಅಂಗಡಿ ಏಕೆ ಎಂದಿತು ಸರ್ಕಾರ. ಬಡವರ ಅಗ್ಗದ ಮಾತ್ರೆ ಕಸಿದರು ಎಂದರು ವಿರೋಧಿಗಳು. ಅಂಗಡಿ ಎಲ್ಲಿರಬೇಕೆಂಬ ಈ ಜಗಳದಲ್ಲಿ ಚೀಟಿಯಲ್ಲಿ ಏನು ಬರೆದಿದೆ ಎಂಬ ಮಾತು ಹಿಂದೆ ಬಿತ್ತು. ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಯ ಸಕ್ಕರೆ ಕಾಯಿಲೆಯವರಿಗೆ ಮುಖ್ಯವಾದದ್ದು ಅದೇ. ಜೀವನಪೂರ್ತಿ ನುಂಗಬೇಕಾದ ಮಾತ್ರೆಯ ಖರ್ಚೂ ಅಪಾಯವೂ ತೀರ್ಮಾನವಾಗುವುದು ಹೊರರೋಗಿ ವಿಭಾಗದ ಮೇಜಿನ ಮೇಲೆ.

ಅಗತ್ಯ ಔಷಧಿಗಳ 2022ರ ರಾಷ್ಟ್ರೀಯ ಪಟ್ಟಿಯಲ್ಲಿ ಮೆಟ್‌ಫಾರ್ಮಿನ್, ಗ್ಲಿಮೆಪಿರೈಡ್, ಟೆನೆಲಿಗ್ಲಿಪ್ಟಿನ್ ಮೂರೂ ಇವೆ, ಬಿಡಿಬಿಡಿಯಾಗಿ. ಪೇಟೆಯಲ್ಲಿ ಓಡುವುದು ಮಾತ್ರ ಎರಡು ಮೂರನ್ನು ಬೆರೆಸಿದ ಮಾತ್ರೆಗಳು. ಹೆಸರಿನ ಬಾಲಕ್ಕೆ ಎಂ1, ಎಂ2 ಎಂದು ಅಂಟಿದ್ದರೆ ಸಾಮಾನ್ಯವಾಗಿ ಅದರಲ್ಲಿ 1 ಅಥವಾ 2 ಮಿಲಿಗ್ರಾಂ ಗ್ಲಿಮೆಪಿರೈಡ್, ಜೊತೆಗೆ ಮೆಟ್‌ಫಾರ್ಮಿನ್. ಇವೆರಡರ ಸ್ವಭಾವ ಬೇರೆ. ಮೆಟ್‌ಫಾರ್ಮಿನ್ ಒಂದನ್ನೇ ತೆಗೆದುಕೊಂಡವರಿಗೆ ಸಕ್ಕರೆ ತೀರಾ ಇಳಿಯುವುದು ಅಪರೂಪ. ಗ್ಲಿಮೆಪಿರೈಡ್ ಹಾಗಲ್ಲ, ಉಂಡಿರಲಿ ಬಿಡಲಿ, ಅದು ಇನ್ಸುಲಿನ್ ಹೊರಡಿಸುತ್ತದೆ. ಹಂಗಾಮಿನಲ್ಲಿ ಬೆಳಿಗ್ಗೆ ಮಾತ್ರೆ ನುಂಗಿ ಕಬ್ಬಿನ ಗದ್ದೆಗಿಳಿದವನ ಬುತ್ತಿ ಬಿಚ್ಚುವುದು ತಡವಾದರೆ ಬೆವರು, ಕೈನಡುಕ, ಕಣ್ಣಿಗೆ ಕತ್ತಲೆ. ಬಿಸಿಲಿನ ದಣಿವೆಂದು ಕೂತುಬಿಟ್ಟರೆ ಪ್ರಾಣಕ್ಕೇ ಸಂಚಕಾರ. ರಾತ್ರಿ ಪಾಳಿಯಲ್ಲಿ ಮಗ್ಗ ನಡೆಸುವವರ ಊಟಕ್ಕಂತೂ ಹೊತ್ತುಗೊತ್ತಿಲ್ಲ. ಇಂಥವರಿಗೆ ಗ್ಲಿಮೆಪಿರೈಡನ್ನಷ್ಟೇ ಇಳಿಸಬೇಕೆಂದರೆ ಬೆರೆಸಿದ ಮಾತ್ರೆಯಲ್ಲಿ ದಾರಿಯಿಲ್ಲ, ಮಾತ್ರೆಯನ್ನೇ ಬದಲಿಸಬೇಕು.

ಮಾತ್ರೆ ಕಡಿಮೆಯಾದಷ್ಟೂ ರೋಗಿ ತಪ್ಪದೆ ನುಂಗುತ್ತಾನೆ ಎಂಬ ವೈದ್ಯರ ಮಾತು ಸುಳ್ಳಲ್ಲ. ಆದರೆ ಬೆರೆಸುವುದು ಪ್ರಮಾಣ ಕುದುರಿದ ಮೇಲೆ, ಮೊದಲ ಭೇಟಿಯಲ್ಲೇ ಅಲ್ಲ. ಹೊಸ ಔಷಧಿ ಬೇಡವೆಂದೂ ನನ್ನ ವಾದವಲ್ಲ: ಹೃದಯ, ಮೂತ್ರಪಿಂಡ ಸೋತವರಲ್ಲಿ ಅನೇಕರಿಗೆ ಡಾಪಾಗ್ಲಿಫ್ಲೋಜಿನ್ ನಿಜಕ್ಕೂ ಉಪಕಾರಿ, 2020ರಲ್ಲಿ ಪೇಟೆಂಟ್ ಮುಗಿದ ಮೇಲೆ ಬೆಲೆಯೂ ಇಳಿದಿದೆ. ಯಾರಿಗೆ, ಏಕೆ ಎಂದು ಚೀಟಿಯಲ್ಲಿ ಒಂದು ಸಾಲು ಬರೆದರೆ ಸಾಕು.

ಚೀಟಿಯಲ್ಲಿ ಬ್ರ್ಯಾಂಡ್ ಬದಲು ಔಷಧಿಯ ಮೂಲ (ಜೆನೆರಿಕ್) ಹೆಸರು ಬರೆಯಿರಿ ಎಂದರೂ ಅಡ್ಡಿಯಿದೆ: ಜೆನೆರಿಕ್ ಎಂದರೆ ಕಳಪೆ ಎಂಬ ಅಂಜಿಕೆಗೆ ಇನ್ನೂ ಬಲವಿದೆ. ಜೆನೆರಿಕ್ ಹೆಸರಲ್ಲೇ ಬರೆಯಬೇಕೆಂದು 2023ರ ಆಗಸ್ಟ್ 2ರಂದು ರಾಷ್ಟ್ರೀಯ ವೈದ್ಯಕೀಯ ಆಯೋಗ ಹೊರಡಿಸಿದ ನಿಯಮ, ವೈದ್ಯರ ಸಂಘಟನೆಗಳ ವಿರೋಧದ ನಡುವೆ ಅದೇ ತಿಂಗಳು ತಡೆಗೆ ಒಳಗಾಯಿತು. ಗುಣಮಟ್ಟದ ಪ್ರಶ್ನೆ ನ್ಯಾಯವಾದದ್ದೇ. ಆದರೆ ಕೇಂದ್ರ ಔಷಧ ನಿಯಂತ್ರಣ ಸಂಸ್ಥೆ ತಿಂಗಳು ತಿಂಗಳು ಪ್ರಕಟಿಸುವ, ಪರೀಕ್ಷೆಯಲ್ಲಿ ಸೋತ ಔಷಧಿಗಳ ಪಟ್ಟಿಯಲ್ಲಿ ಬ್ರ್ಯಾಂಡ್ ಹೆಸರುಗಳೂ ಕಾಣಸಿಗುತ್ತವೆ. ಪರೀಕ್ಷೆ ಬಿಗಿಯಾಗಬೇಕು, ದುಬಾರಿ ಹೆಸರು ಪರೀಕ್ಷೆಗೆ ಬದಲಿಯಲ್ಲ.

ರೋಗಿಗಳ ಸಾಲು ಬಾಗಿಲಾಚೆ ಬೆಳೆದಿರುವಾಗ ಚೀಟಿಯಲ್ಲಿ ಏನು ಬರೆದಿದೆ ಎಂದು ಲೆಕ್ಕ ಇಡಲು ವೈದ್ಯರಿಗೆ ಪುರುಸೊತ್ತೆಲ್ಲಿ ಎಂದರೆ, ಆ ಲೆಕ್ಕ ವೈದ್ಯರೇ ಇಡಬೇಕಿಲ್ಲ. ಚೀಟಿಗೆಷ್ಟು ಔಷಧಿ, ಎಷ್ಟು ಜೆನೆರಿಕ್ ಹೆಸರಲ್ಲಿ, ಎಷ್ಟು ಅಗತ್ಯ ಪಟ್ಟಿಯೊಳಗಿನವು ಎಂದು ಎಣಿಸುವ ಕ್ರಮವನ್ನು ವಿಶ್ವ ಆರೋಗ್ಯ ಸಂಸ್ಥೆ 1993ರಲ್ಲೇ ಕೊಟ್ಟಿದೆ. ತಾಲ್ಲೂಕು ಆಸ್ಪತ್ರೆಯ ಫಾರ್ಮಸಿಸ್ಟ್ ತಿಂಗಳಿಗೆ ನೂರು ಸಕ್ಕರೆ ಕಾಯಿಲೆ ಚೀಟಿ ನೋಡಿ ಇವನ್ನು ಎಣಿಸಲಿ, ಹೊರಗೆ ಕೊಳ್ಳಲು ಬರೆದದ್ದೆಷ್ಟು ಎಂಬುದನ್ನೂ ಸೇರಿಸಿ ಔಷಧಿ ಕೊಡುವ ಕಿಟಕಿಯ ಪಕ್ಕ ಅಂಟಿಸಲಿ. ಹೊರಗಿನ ಲೆಕ್ಕ ಸೊನ್ನೆ ಬಂದರೆ ಜನೌಷಧಿ ಅಂಗಡಿ ಮುಚ್ಚಲಿ, ತಕರಾರಿಲ್ಲ.