ಮೆಟ್ಟಿಲ ಕೆಳಗೆ ರಾಗಿ ಚೀಲ, ಪಕ್ಕದಲ್ಲೇ ವಿಷದ ಬಾಟಲಿ!

ಸಾಲ ಮಾಡಿಯಾದರೂ ಮನೆಗೆ ತಾರಸಿ ಹಾಕಿಸುತ್ತೇವೆ. ತಾರಸಿಗೆ ಮೆಟ್ಟಿಲು ಕಟ್ಟಿಸುತ್ತೇವೆ. ಮೆಟ್ಟಿಲ ಕೆಳಗೆ ಉಳಿದ ಮೂಲೆಗೊಂದು ತಗಡಿನ ಬಾಗಿಲು ಹಾಕಿ ಸುಮ್ಮನಾಗುತ್ತೇವೆ. ನಮ್ಮ ತಕರಾರು ಇರುವುದು ಆ ಮೂಲೆಯ ಬಗ್ಗೆಯೇ.

ಒಮ್ಮೆ ಆ ಬಾಗಿಲು ತೆಗೆದು ನೋಡಿ. ರಾಗಿ ಚೀಲ, ಈರುಳ್ಳಿ ಬುಟ್ಟಿ, ಹರಿದ ಟಾರ್ಪಾಲು, ಔಷಧಿ ಹೊಡೆಯುವ ಪಂಪು, ಅರ್ಧ ಉಳಿದ ಕ್ರಿಮಿನಾಶಕ, ಯೂರಿಯಾ, ಇನ್ವರ್ಟರ್ ಬ್ಯಾಟರಿ, ಗ್ಯಾಸ್ ಸಿಲಿಂಡರ್. ತಿನ್ನುವುದೂ ಅಲ್ಲೇ, ಕೊಲ್ಲುವುದೂ ಅಲ್ಲೇ!

ಹಳೇ ಮನೆಗಳಲ್ಲಿ ಒಂದೊಂದಕ್ಕೂ ಒಂದು ಜಾಗವಿತ್ತು. ಕಾಳಿಗೆ ಹಗೇವು, ಒಣ ಸಾಮಾನಿಗೆ ಅಟ್ಟ, ದೀಪಕ್ಕೆ ಗೋಡೆಯ ಗೂಡು, ನೇಗಿಲು ಗುದ್ದಲಿಗೆ ಕೊಟ್ಟಿಗೆ. ಹೊಸ ಮನೆಗೆ ಪಟ್ಟಣದ ಪ್ಲಾನು ತಂದೆವು. ಅದರಲ್ಲಿ ಟಿವಿ ಇಡಲು ಗೋಡೆಯಿದೆ, ಶೋಕೇಸ್ ಇದೆ. ಬೇಸಾಯದ ಸಾಮಾನಿಗೆ ಮಾತ್ರ ಜಾಗವಿಲ್ಲ. ಬಾಗಿಲು ಯಾವ ದಿಕ್ಕಿಗಿರಬೇಕು ಎಂದು ವಾಸ್ತು ಕೇಳುತ್ತೇವೆ. ವಿಷದ ಬಾಟಲಿ ಎಲ್ಲಿಡಬೇಕು ಎಂದು ಯಾರೂ ಕೇಳುವುದಿಲ್ಲ.

ಮೊದಲು ಅದನ್ನು 'ಔಷಧಿ' ಎನ್ನುವುದನ್ನು ಬಿಡೋಣ. ಬಾಟಲಿಯ ಮೇಲೆ ವಜ್ರದಾಕಾರದ ಗುರುತು ಇರಬೇಕೆಂದು 1971ರ ಕೀಟನಾಶಕ ನಿಯಮಗಳೇ ಹೇಳುತ್ತವೆ. ಅದರ ಕೆಳಭಾಗದ ಬಣ್ಣ ನೋಡಿ. ಕೆಂಪು ಎಂದರೆ ಅತಿ ಘೋರ ವಿಷ. ಆಮೇಲೆ ಹಳದಿ, ನೀಲಿ, ಹಸಿರು. ಹಸಿರಿದ್ದರೂ ಅದು ವಿಷವೇ. ಕಾಳಿಗೆ ಹುಳು ಬೀಳದಿರಲಿ ಎಂದು ಇಡುವ ಅಲ್ಯೂಮಿನಿಯಂ ಫಾಸ್ಫೈಡ್ ಮಾತ್ರೆಗೆ ಗಾಳಿಯ ತೇವ ತಾಗಿದರೆ ಸಾಕು, ಫಾಸ್ಫೀನ್ ಅನಿಲ ಹೊರಡುತ್ತದೆ. ಜನ ಮಲಗುವ ಮನೆಯೊಳಗೆ ಅದನ್ನು ಇಡಲೇಬಾರದು.

ಬ್ಯಾಟರಿ ಚಾರ್ಜ್ ಆಗುವಾಗ ಹೈಡ್ರೋಜನ್ ಬಿಡುತ್ತದೆ, ಅದಕ್ಕೆ ಗಾಳಿಯಾಡಬೇಕು. ಅಡುಗೆ ಗ್ಯಾಸ್ ಗಾಳಿಗಿಂತ ಭಾರ, ಸೋರಿದರೆ ನೆಲದಲ್ಲೇ ಹರಡಿ ನಿಲ್ಲುತ್ತದೆ. ಕಿಟಕಿಯಿಲ್ಲದ ಮೂಲೆಯಲ್ಲಿ ಇವೆರಡನ್ನೂ ಜೋಡಿಸಿಟ್ಟರೆ ಒಂದು ಕಿಡಿ ಸಾಕು.

'ಇಷ್ಟು ವರ್ಷ ಏನೂ ಆಗಿಲ್ಲವಲ್ಲ' ಎನ್ನುತ್ತಾರೆ. ಆದ ಮನೆಯವರನ್ನು ಕೇಳಿ. ಮಗು ಬಾಟಲಿಯನ್ನು ಜ್ಯೂಸ್ ಎಂದುಕೊಳ್ಳುತ್ತದೆ. ದೊಡ್ಡವರಿಗೂ ಜಗಳವಾಡಿ ಮನಸ್ಸು ಕೆಟ್ಟ ಒಂದು ಗಳಿಗೆ ಬರುತ್ತದೆ. ಆ ಗಳಿಗೆಯಲ್ಲಿ ವಿಷ ಕೈಗೆ ಸಿಗದಿದ್ದರೆ ಜೀವ ಉಳಿಯುತ್ತದೆ. 'ಹೊಲದ ಶೆಡ್ಡಿನಲ್ಲಿಟ್ಟರೆ ಕದಿಯುತ್ತಾರೆ' ಎನ್ನುವವರೂ ಇದ್ದಾರೆ. ಅದಕ್ಕೇ ಬೀಗ ಇರುವುದು. ಕಬ್ಬಿಣದ ಒಂದು ಟ್ರಂಕು, ಒಂದು ಬೀಗ. ಮನೆಯಿಂದ ಆಚೆ ಇಡಿ, ಕೀಲಿ ಜವಾಬ್ದಾರಿಯುಳ್ಳ ಒಬ್ಬರ ಬಳಿ ಇರಲಿ. ಪಂಪಿಗೆ ಸಬ್ಸಿಡಿ ಕೊಡುವ ಸರ್ಕಾರ ಬೀಗದ ಪೆಟ್ಟಿಗೆಗೂ ಕೊಡಲಿ. ಇದನ್ನು ಗ್ರಾಮಸಭೆಯಲ್ಲಿ ಎದ್ದು ನಿಂತು ಕೇಳಿ.

12,000 ರೂಪಾಯಿ ಪ್ರೋತ್ಸಾಹಧನದ ಶೌಚಾಲಯವನ್ನೂ ಇದೇ ಮೂಲೆಗೆ ತುರುಕಿದವರಿದ್ದಾರೆ. ಮಹಡಿಯ ಎತ್ತರ 10 ಅಡಿ ಇದ್ದರೆ ನಡುವಿನ ತಿರುವಿನ ಕೆಳಗೆ 5 ಅಡಿಯೂ ಉಳಿಯುವುದಿಲ್ಲ. ಮಂಡಿನೋವಿನ ಅಜ್ಜಿ ಅಲ್ಲಿ ಬಗ್ಗಿ ಒಳಹೋಗಿ ಬಗ್ಗಿಯೇ ಏಳಬೇಕೆ?

ಆ ಮೂಲೆ ದಂಡವಲ್ಲ, ಬಳಸಿಕೊಳ್ಳಲು ಬರಬೇಕು. ಗೋಡೆಗೆ ಜಾಲಿ ಬಿಡಿಸಿ, ಒಂದು ಬಲ್ಬು ಹಾಕಿ. ಎತ್ತರವಿರುವ ಕಡೆ ಕಡಪ ಕಲ್ಲಿನ ಹಲಗೆ ಹಾಕಿಸಿ, ಪಾತ್ರೆ ಹಾಸಿಗೆ ಇಡಿ. ತಗ್ಗಿರುವ ಕಡೆ ಎಳೆದು ತೆಗೆಯುವಂಥ ಗಾಲಿಯ ಪೆಟ್ಟಿಗೆ ಇರಲಿ. ಕಾಳಿನ ಚೀಲ ಮರದ ಹಲಗೆಯ ಮೇಲೆ, ಗೋಡೆಯಿಂದ ಒಂದು ಗೇಣು ದೂರ ಇರಲಿ. ಮಕ್ಕಳ ಪುಸ್ತಕಕ್ಕೂ ಜಾಗ ಸಿಗುತ್ತದೆ.

ಮುಂದೆ ಮನೆ ಕಟ್ಟುವವರು ಪಾಯ ತೆಗೆಯುವ ಮೊದಲೇ ಮೇಸ್ತ್ರಿಯನ್ನು ಕೇಳಿ: 'ವಿಷಕ್ಕೆ ಜಾಗ ಎಲ್ಲಿ ಬಿಟ್ಟಿದ್ದೀಯಪ್ಪ?' ಈಗಾಗಲೇ ಕಟ್ಟಿದವರು ಇವತ್ತು ಸಂಜೆಯೇ ಆ ತಗಡಿನ ಬಾಗಿಲು ತೆಗೆಯಿರಿ. ರಾಗಿ ಅಲ್ಲೇ ಇರಲಿ, ಬಾಟಲಿ ಹೊರಗೆ ಹೋಗಲಿ.