ಪಾರಂಪರಿಕ ವಸ್ತುಸಂಗ್ರಹಾಲಯಗಳ ರಕ್ಷಣೆ: ಗಣಕ ಪ್ರತಿರೂಪವೆಂಬ ಆಸ್ತಿ ದಫ್ತರು

ಕಟ್ಟಡ ಕಟ್ಟಲು ಹಣ ಒದಗುತ್ತದೆ. ಕಟ್ಟಿದ್ದನ್ನು ಕಾಪಾಡಲು ಒದಗುವುದಿಲ್ಲ. ಉದ್ಘಾಟನೆಗೆ ಶಿಲಾಫಲಕವುಂಟು, ಸೋರುವ ಮಾಳಿಗೆಯ ದುರಸ್ತಿಗೆ ಅದಿಲ್ಲ. ಈ ಮನೋಭಾವಕ್ಕೆ ತೆರಬೇಕಾದ ಬೆಲೆಯನ್ನು ಬ್ರೆಜಿಲ್ ದೇಶವು ಜಗತ್ತಿಗೆ ತೋರಿಸಿಕೊಟ್ಟಿದೆ.

ರಿಯೊ ಡಿ ಜನೈರೊದ ರಾಷ್ಟ್ರೀಯ ವಸ್ತುಸಂಗ್ರಹಾಲಯವು 1818ರಲ್ಲಿ ಸ್ಥಾಪನೆಗೊಂಡು, ಮುಂದೆ ಹಿಂದಿನ ಚಕ್ರವರ್ತಿಗಳ ಅರಮನೆಯಲ್ಲಿ ನೆಲೆಗೊಂಡಿತು. 2018ರ ಸೆಪ್ಟೆಂಬರ್ 2ರ ರಾತ್ರಿ ಅದು ಬೆಂಕಿಗೆ ಆಹುತಿಯಾಯಿತು. ಸುಮಾರು 2 ಕೋಟಿ ವಸ್ತುಗಳ ಬಹುಪಾಲು ನಾಶವಾಯಿತು. ಸಭಾಂಗಣದ ಹವಾನಿಯಂತ್ರಣ ವ್ಯವಸ್ಥೆಯಲ್ಲಿ ಬೆಂಕಿ ಹುಟ್ಟಿತೆಂದು ತನಿಖೆ ಹೇಳಿತು. ವಾರ್ಷಿಕ ನಿರ್ವಹಣೆಗೆ ಸಲ್ಲಬೇಕಿದ್ದ 5.20 ಲಕ್ಷ ರಿಯಾಲ್ 2014ರಿಂದೀಚೆಗೆ ಪೂರ್ಣವಾಗಿ ಬಿಡುಗಡೆಯಾಗಿರಲಿಲ್ಲ. 2018ರ ಜೂನ್‌ನಲ್ಲಿ 2.17 ಕೋಟಿ ರಿಯಾಲ್ ಜೀರ್ಣೋದ್ಧಾರ ನೆರವು ಮಂಜೂರಾಯಿತು. ಅದು ಕೈಸೇರುವ ಮೊದಲೇ ಎಲ್ಲವೂ ಮುಗಿದಿತ್ತು. ಆ ಮೊತ್ತ ವಾರ್ಷಿಕ ನಿರ್ವಹಣೆಯ ಸುಮಾರು 42 ಪಟ್ಟು. ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡಿದಂತೆ ಎಂಬ ಗಾದೆಗೆ ಇದಕ್ಕಿಂತ ನಿಚ್ಚಳವಾದ ನಿದರ್ಶನ ಬೇಕಿಲ್ಲ.

ಇಂತಹ ಕಟ್ಟಡಗಳ ಪಾಲನೆಗೆ ಇಂದು ಲಭ್ಯವಿರುವ ಸಾಧನವೇ ಬಿಮ್ ಎಂದು ಕರೆಯಲ್ಪಡುವ ಗಣಕ ಪ್ರತಿರೂಪ. ಹಳೆಯ ಕಟ್ಟಡಗಳ ಮೂಲ ನಕ್ಷೆಗಳು ಅನೇಕ ವೇಳೆ ಕಳೆದುಹೋಗಿರುತ್ತವೆ. ಉಳಿದವೂ ಇಂದಿನ ಸ್ಥಿತಿಗೆ ಹೊಂದುವುದಿಲ್ಲ. ಆದ್ದರಿಂದ ಲೇಸರ್ ಕಿರಣಗಳಿಂದ ಕಟ್ಟಡವನ್ನು ಅಳೆದು ಪ್ರತಿರೂಪವನ್ನು ರಚಿಸಲಾಗುತ್ತದೆ. ಪ್ರತಿ ತೊಲೆ, ಕಿಟಕಿ, ವಿದ್ಯುತ್ ತಂತಿಗೂ ಅದರ ವಯಸ್ಸು, ವಸ್ತು, ಕೊನೆಯ ದುರಸ್ತಿಯ ದಿನಾಂಕ ಜೋಡಣೆಯಾಗುತ್ತವೆ. ವ್ಯಾಪಾರಸ್ಥರ ಭಾಷೆಯಲ್ಲಿ ಹೇಳುವುದಾದರೆ, ಇದು ಕಣ್ಣಿಗೆ ಕಾಣುವ ಸ್ಥಿರಾಸ್ತಿ ದಫ್ತರು. ಸುಣ್ಣದ ಗಾರೆಯ ಗೋಡೆಗೆ ಸಿಮೆಂಟ್ ಬಳಿದರೆ ತೇವ ಒಳಗೇ ಸಿಲುಕಿ ಕಲ್ಲು ಶಿಥಿಲವಾಗುತ್ತದೆ. ಯಾವ ಗೋಡೆಯಲ್ಲಿ ಏನಿದೆಯೆಂಬುದು ದಾಖಲಾಗಿದ್ದರೆ ಗುತ್ತಿಗೆದಾರನು ಆ ತಪ್ಪು ಮಾಡುವ ಸಂಭವ ಕಡಿಮೆ.

ಪ್ಯಾರಿಸ್‌ನ ನೋತ್ರ್ ದಾಮ್ ಚರ್ಚ್ ವಸ್ತುಸಂಗ್ರಹಾಲಯವಲ್ಲದಿದ್ದರೂ ಅದರ ಪಾಠ ಇಲ್ಲಿಗೂ ಅನ್ವಯಿಸುತ್ತದೆ. ಅಮೆರಿಕದ ಕಲಾ ಇತಿಹಾಸಕಾರ ಆಂಡ್ರ್ಯೂ ಟ್ಯಾಲನ್ ಅದನ್ನು ಲೇಸರ್‌ನಿಂದ ಅಳೆದು 100 ಕೋಟಿಗೂ ಹೆಚ್ಚು ಬಿಂದುಗಳನ್ನು ದಾಖಲಿಸಿದ್ದರು. 2019ರ ಏಪ್ರಿಲ್ 15ರಂದು ಚಾವಣಿ ಸುಟ್ಟಾಗ ಆ ಅಳತೆಗಳು ಪುನರ್ನಿರ್ಮಾಣಕ್ಕೆ ನೆರವಾದವು. 2024ರ ಡಿಸೆಂಬರ್‌ನಲ್ಲಿ ಚರ್ಚ್ ಮತ್ತೆ ತೆರೆಯಿತು. ಆದರೆ ಅಳತೆಗಳು ಬೆಂಕಿಯನ್ನು ತಡೆಯಲಿಲ್ಲವೆಂಬುದನ್ನೂ ಮರೆಯಲಾಗದು. ದಫ್ತರು ಇದ್ದ ಮಾತ್ರಕ್ಕೆ ಆಸ್ತಿ ಉಳಿಯದು. ಅದನ್ನು ನೋಡಿ ಕ್ರಮ ಕೈಗೊಳ್ಳುವವರು ಬೇಕು.

ಇದು ದುಬಾರಿ ಆಟಿಕೆಯೆಂಬ ಆಕ್ಷೇಪದಲ್ಲಿ ಸತ್ಯಾಂಶವಿಲ್ಲದಿಲ್ಲ. ಒಮ್ಮೆ ತಯಾರಿಸಿ, ಪ್ರದರ್ಶಿಸಿ, ಮೂಲೆಗೆ ಸೇರಿಸಿದ ಪ್ರತಿರೂಪವು ಜಮಾಖರ್ಚು ಬರೆಯದ ಖಾತೆ ಪುಸ್ತಕಕ್ಕೆ ಸಮಾನ. ಅದಕ್ಕೆ ಪರಿಹಾರ ಮೂರು. ಮೊದಲನೆಯದಾಗಿ, ಪ್ರತಿರೂಪದಲ್ಲಿ ನಮೂದಾಗದ ದುರಸ್ತಿಗೆ ಬಿಲ್ಲು ಪಾವತಿಯಾಗಕೂಡದು. ಎರಡನೆಯದಾಗಿ, ಕಡತಗಳು ಐಎಫ್‌ಸಿಯಂತಹ ಮುಕ್ತ ಸ್ವರೂಪದಲ್ಲಿರಬೇಕು. ಒಂದೇ ತಂತ್ರಾಂಶ ಕಂಪನಿಯ ಹಂಗಿಗೆ ಸಂಸ್ಥೆ ಬೀಳಬಾರದು. ಮೂರನೆಯದಾಗಿ, ಚಾವಣಿ, ನೀರಿನ ಹರಿವು, ವಿದ್ಯುತ್ ಜಾಲ ಈ ಮೂರರಿಂದ ಆರಂಭಿಸಿ, ಪ್ರತಿ ವರ್ಷ ನಿರ್ವಹಣೆಗೆ ಪ್ರತ್ಯೇಕ ನಿಧಿ ಮೀಸಲಿಡಬೇಕು.

ನಮ್ಮ ದೇಶದಲ್ಲಿ ಇದಕ್ಕೆ ಕಾನೂನಿನ ಅವಕಾಶವೂ ಇದೆ. 2013ರ ಕಂಪನಿ ಕಾಯಿದೆಯ 7ನೇ ಅನುಸೂಚಿಯು ಐತಿಹಾಸಿಕ ಮಹತ್ವದ ಕಟ್ಟಡಗಳ ಜೀರ್ಣೋದ್ಧಾರವನ್ನು ಸಾಮಾಜಿಕ ಹೊಣೆಗಾರಿಕೆಯ ಕಾರ್ಯಗಳ ಪಟ್ಟಿಯಲ್ಲಿ ಸೇರಿಸಿದೆ. ಸಣ್ಣ ಕೈಗಾರಿಕೆಗಳಿಗೂ ಇಲ್ಲಿ ಪಾತ್ರವುಂಟು: ನಿಖರ ಅಳತೆ ದೊರೆತರೆ ಹಳೆಯ ತಿರುಗಣಿ, ಹಂಚು, ಕಂಬಿಗಳನ್ನು ಸ್ಥಳೀಯ ವರ್ಕ್‌ಶಾಪ್‌ಗಳೇ ತಯಾರಿಸಿಕೊಡಬಲ್ಲವು.

ಯಂತ್ರಕ್ಕೆ ಎಣ್ಣೆ ಹಾಕುವುದನ್ನು ಯಾವ ಉದ್ಯಮಿಯೂ ದುಂದುವೆಚ್ಚವೆನ್ನುವುದಿಲ್ಲ. ಕಳೆದರೆ ಮತ್ತೆ ಕೊಳ್ಳಲಾಗದ ಆಸ್ತಿಯ ವಿಷಯದಲ್ಲಿ ಆ ವಿವೇಕ ಇನ್ನೂ ಹೆಚ್ಚಾಗಿ ಸಲ್ಲಬೇಕು. ದಾನಕ್ಕಾಗಿ ಬರುವ ಸಂಸ್ಥೆಗಳನ್ನು ವಾಣಿಜ್ಯ ಸಮುದಾಯವು ಹೊಸ ಕಟ್ಟಡದ ನಕ್ಷೆಗಿಂತ ಮೊದಲು ಹಳೆಯದರ ನಿರ್ವಹಣಾ ದಾಖಲೆಯನ್ನು ಕೇಳುವಂತಾದರೆ, ಅರ್ಧ ಕೆಲಸ ಆದಂತೆಯೇ.