ಅಟ್ಟದ ಮೇಲಿನ ನಕ್ಷೆ

ಸಣ್ಣವರಿದ್ದಾಗ ಜ್ವರ ಬಂದರೆ ಹಣೆಯ ಮೇಲೆ ಓಡಿಕೊಲೋನ್ ಬಟ್ಟೆ ಹಾಕುತ್ತಿದ್ದದ್ದು ನಿಮಗೆ ನೆನಪಿರಬೇಕಲ್ಲವೇ? ಆ ಕೊಲೋನ್ ಅನ್ನೋದು ಜರ್ಮನಿಯ ಒಂದು ಊರು ಅಂತ ನನಗೆ ಗೊತ್ತಾದದ್ದು ತಂಗಿ ಅಲ್ಲಿ ಮನೆ ಮಾಡಿದ ಮೇಲೆಯೇ. ಹೋದ ವರ್ಷ ಅವಳ ಬಾಣಂತನಕ್ಕೆ ಹೋಗಿದ್ದೆ. ಅಮ್ಮ ಇಲ್ಲವಲ್ಲ, ಅಕ್ಕನೇ ಅಮ್ಮ.

ಎರಡು ತಿಂಗಳು ಎಣ್ಣೆ-ನೀರು, ಮೆಣಸಿನ ಸಾರು, ಮಗುವಿನ ಬಟ್ಟೆ, ಇಷ್ಟೇ ಆಯಿತು. ಹೊರಡುವ ಹಿಂದಿನ ದಿನ ತಂಗಿ, "ಇಷ್ಟು ದೂರ ಬಂದು ಇಲ್ಲಿನ ಕೆಥೆಡ್ರಲ್ ನೋಡದೆ ಹೋಗ್ತೀಯೇನಕ್ಕಾ?" ಎಂದು ನನ್ನೊಬ್ಬಳನ್ನೇ ಕಳಿಸಿದಳು.

ರೈಲು ನಿಲ್ದಾಣದಿಂದ ಹೊರಗೆ ಬಂದರೆ ಸಾಕು, ಎದುರಿಗೇ ಇದೆ. 157 ಮೀಟರ್ ಎತ್ತರದ ಜೋಡಿ ಗೋಪುರ, ಸೌದೆ ಒಲೆಯ ಹಿಂದಿನ ಗೋಡೆಯಂತೆ ಕಪ್ಪಾಗಿದೆ. ಒಳಗೆ ಚಿನ್ನದ ಹೊದಿಕೆಯ ಒಂದು ಪೆಟ್ಟಿಗೆ. ಶಿಶು ಏಸುವನ್ನು ನೋಡಲು ಬಂದ ಮೂವರು ಜ್ಞಾನಿಗಳ ಅಸ್ಥಿ ಅದರಲ್ಲಿದೆಯೆಂದು ಭಕ್ತರ ನಂಬಿಕೆ. ಈ ಕಟ್ಟಡ ಶುರುವಾದದ್ದು 1248ರಲ್ಲಿ.

ತಂಗಿಯ ಯಜಮಾನರು ಇದರ ಕಥೆ ಹೇಳಿದ್ದರು. ಸುಮಾರು 1560ರ ಹೊತ್ತಿಗೆ ಕೆಲಸ ನಿಂತೇ ಹೋಯಿತಂತೆ. ಕಲ್ಲೆತ್ತುವ ಮರದ ಕ್ರೇನು ಅರ್ಧ ಗೋಪುರದ ಮೇಲೆ 1868ರವರೆಗೂ ಹಾಗೇ ಇತ್ತು. ಮುಂಭಾಗದ ಹಳೆಯ ನಕ್ಷೆಯೂ ಕಳೆದುಹೋಗಿತ್ತು. 1814ರಲ್ಲಿ ಅದರ ಅರ್ಧ ಡಾರ್ಮ್‌ಸ್ಟಾಟ್ ಎಂಬ ಊರಿನ ಅಟ್ಟವೊಂದರಲ್ಲಿ ಸಿಕ್ಕಿತು. ಅದರ ಮೇಲೆ ಕಾಳು ಒಣಹಾಕುತ್ತಿದ್ದರಂತೆ ನೋಡಿ! ಉಳಿದರ್ಧ ಪ್ಯಾರಿಸ್ಸಿನಲ್ಲಿ ದೊರೆಯಿತು. 1842ರಲ್ಲಿ ಮತ್ತೆ ಕೆಲಸ ಹಿಡಿದು 1880ರಲ್ಲಿ ಮುಗಿಸಿದರು. ಅಂತೂ 632 ವರ್ಷ!

ದಕ್ಷಿಣದ ಗೋಪುರ ಹತ್ತಲು 533 ಮೆಟ್ಟಿಲು. ಲಿಫ್ಟ್ ಇಲ್ಲ. ಹೋಗುವವರು ಚಪ್ಪಲಿ ಬಿಟ್ಟು ಬೂಟು ಹಾಕಿಕೊಳ್ಳಿ, ಸೀರೆಯಾದರೆ ನೆರಿಗೆ ಸ್ವಲ್ಪ ಮೇಲೆ ಸಿಕ್ಕಿಸಿ. ಕಿರಿದಾದ ಸುತ್ತುಮೆಟ್ಟಿಲು, ನನ್ನ ಮಂಡಿಯೋ ಕೇಳಬೇಡಿ. ನಡುವೆ 24 ಟನ್ ತೂಕದ ಗಂಟೆ ನೋಡುವ ನೆಪದಲ್ಲಿ ನಿಂತು ಸುಧಾರಿಸಿಕೊಂಡೆ.

ಅಲ್ಲಿ ನಿಂತಾಗ ಒಂದು ಹಳೆಯ ನೋವು ಮೇಲೆದ್ದಿತು. ನಿಮ್ಮ ಹತ್ತಿರ ಮುಚ್ಚಿಡುವುದೇನು? ಎಸ್ಸೆಸ್ಸೆಲ್ಸಿಯಲ್ಲಿ ನನಗೆ ಫಸ್ಟ್ ಕ್ಲಾಸ್. ಆ ವರ್ಷವೇ ಅಪ್ಪ ಹೋದರು. ನಾನು ಹೊಲಿಗೆ ಯಂತ್ರದ ಮುಂದೆ ಕೂತೆ, ತಂಗಿ ಓದಿದಳು. ಅವಳು ಮೇಲೆ ಬಂದದ್ದು ನನಗೆ ಹೆಮ್ಮೆಯೇ. ಆದರೂ ಅವಳ ಮನೆಯ ಪುಸ್ತಕದ ಕಪಾಟು ಒರೆಸುವಾಗಲೆಲ್ಲ ಹೊಟ್ಟೆಯೊಳಗೆ ಒಂದು ಕಿಡಿ. ಅದನ್ನು ಅವಳಿಗೆ ಯಾವತ್ತೂ ಹೇಳಿರಲಿಲ್ಲ.

ಮೇಲೆ ತಲುಪಿದಾಗ ಗಾಳಿಯೋ ಗಾಳಿ. ಕೆಳಗೆ ರೈನ್ ನದಿ, ಸೇತುವೆ, ಬೆಂಕಿಪೊಟ್ಟಣದಂಥ ರೈಲುಗಳು. ಮುನ್ನೂರು ವರ್ಷ ನಿಂತ ಕೆಲಸವನ್ನೇ ಮುಗಿಸಿದ್ದಾರೆ, ನನ್ನದು ನಿಂತು ಮೂವತ್ತು ವರ್ಷವೂ ಆಗಿಲ್ಲವಲ್ಲ ಅನ್ನಿಸಿತು.

ರಾತ್ರಿ ಮಗುವನ್ನು ತಟ್ಟುತ್ತಾ ತಂಗಿಗೆ ಎಲ್ಲ ಹೇಳಿಬಿಟ್ಟೆ, ಹೊಟ್ಟೆಕಿಚ್ಚಿನದೂ ಸೇರಿಸಿ. ಅವಳು ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, "ನಂಗೊತ್ತಿತ್ತಕ್ಕ. ಕೇಳೋ ಧೈರ್ಯ ಇರಲಿಲ್ಲ. ಪಿಯುಸಿ ಕಟ್ಟು, ಫೀಸು ನಂದು" ಎಂದಳು.

ಫೀಸು ಮಾತ್ರ ನನ್ನ ಹೊಲಿಗೆ ದುಡ್ಡಿನಿಂದಲೇ ಕಟ್ಟಿದೆ. ಈಗ ಬೆಳಿಗ್ಗೆ ಹಾಲು ಕಾಯಿಸಿಟ್ಟು ಒಂದು ಗಂಟೆ ಇತಿಹಾಸ ಓದುತ್ತಿದ್ದೇನೆ. ನಿಮ್ಮ ಅಟ್ಟದಲ್ಲಿಯೂ ಇಂಥದ್ದೇನಾದರೂ ಇದ್ದೀತು, ಕಾಳು ಸರಿಸಿ ನೋಡಿ.